ಗೋಡೆಯಮ್ಮನ ನಾಲ್ಕು ಮಾತು

ಸಿನಿಮಾದಲ್ಲಿ ಸಾಯುವುದು ಸುಲಭ, ಬದುಕಿದ್ದು ನಾಲ್ಕು ಮಾತಾಡುವುದೇ ಕಷ್ಟ. ಇದು ಗೋಡೆಯಮ್ಮ ಹೇಳುತ್ತಿದ್ದ ಮಾತು. ನಲವತ್ತೊಂದು ಚಿತ್ರಗಳಲ್ಲಿ ಸತ್ತವಳು ಹೇಳಿದ್ದು ಅಂದಮೇಲೆ ಒಪ್ಪಿಕೊಳ್ಳಲೇಬೇಕು.

ಸತ್ತವಳು ಎಂದರೆ ಸಾಯುವ ದೃಶ್ಯಗಳಲ್ಲಿ ನಟಿಸಿದವಳು ಎಂದಲ್ಲ. ಅಷ್ಟು ಅದೃಷ್ಟ ಅವಳಿಗಿರಲಿಲ್ಲ. ಕೆಮ್ಮಿ, ಮಗನ ಕೈ ಹಿಡಿದು, ಅರ್ಧ ಮಾತಾಡಿ ಕತ್ತು ವಾಲಿಸುವ ಪಾತ್ರ ಸಿಗಬೇಕಾದರೆ ಹೆಸರಿರಬೇಕು. ಇವಳು ಸಿನಿಮಾ ಶುರುವಾಗುವ ಹೊತ್ತಿಗೇ ಸತ್ತಿರುತ್ತಿದ್ದಳು. ನಾಯಕನ ಮನೆಯ ಹಜಾರದಲ್ಲಿ, ಗಡಿಯಾರದ ಪಕ್ಕ, ಕಪ್ಪು ಚೌಕಟ್ಟಿನೊಳಗೆ ತೂಗಾಡುತ್ತಿದ್ದ ತಾಯಿಯ ಫೋಟೋ ಅವಳದು. ನಾಯಕ ಕೆಲಸಕ್ಕೆ ಹೊರಡುವಾಗ ಅದರತ್ತ ನೋಡುತ್ತಿದ್ದ, ಮೋಸ ಹೋದಾಗ ಅದರ ಮುಂದೆ ಅಳುತ್ತಿದ್ದ, ಕೊನೆಗೆ ಎಲ್ಲ ಸರಿಹೋದ ಮೇಲೆ ಅದರತ್ತ ತಿರುಗಿ ನಗುತ್ತಿದ್ದ. ಸ್ಟುಡಿಯೋದವರೆಲ್ಲ ಅವಳನ್ನು ಗೋಡೆಯಮ್ಮ ಎಂದೇ ಕರೆಯುತ್ತಿದ್ದರು. ಮೊದಮೊದಲು ಅವಳಿಗೆ ಸಿಟ್ಟು ಬರುತ್ತಿತ್ತು. ಆಮೇಲೆ ಯಾರಾದರೂ ನಿಜವಾದ ಹೆಸರು ಹಿಡಿದು ಕೂಗಿದರೆ ತಿರುಗಿ ನೋಡುವುದನ್ನೇ ಮರೆತಳು.

ಹತ್ತೊಂಬತ್ತರ ವಯಸ್ಸಿನಲ್ಲಿ ಅವಳು ಚಿತ್ರಮಂದಿರವೊಂದರ ಬಾಗಿಲಲ್ಲಿ ನಿಂತು ಟಿಕೆಟ್ ಹರಿಯುತ್ತಿದ್ದಳು. ಗುಂಪಿನ ದೃಶ್ಯಗಳಿಗೆ ಜನ ಒದಗಿಸುವ ಏಜೆಂಟ್ ಒಬ್ಬ ಅಲ್ಲಿಗೆ ಬರುತ್ತಿದ್ದ. ಅವನ ಕೈಯಲ್ಲಿ ಯಾವಾಗಲೂ ಒಂದು ಉದ್ದ ಪಟ್ಟಿ. ಅವನ ಹಿಂದೆ ಹೋದವಳು ಆಸ್ಪತ್ರೆಯ ಸಾಲಿನಲ್ಲಿ ನಿಂತಳು, ರೈಲು ನಿಲ್ದಾಣದಲ್ಲಿ ಓಡಿದಳು, ನ್ಯಾಯಾಲಯದ ಬೆಂಚಿನ ಮೇಲೆ ಕೂತು ತೀರ್ಪು ಕೇಳಿ ಬೆಚ್ಚಿಬಿದ್ದಳು. ಎಲ್ಲವೂ ಗುಂಪಿನಲ್ಲಿ ಗೋವಿಂದ. ಸೆಟ್ಟಿನಲ್ಲಿ ದೀಪ ಹಿಡಿಯುವವನೊಬ್ಬನನ್ನು ಮದುವೆಯಾದಳು. ಮಗಳಿಗೆ ಎರಡು ವರ್ಷವಾದಾಗ ಅವನು ಹೊರಾಂಗಣ ಚಿತ್ರೀಕರಣ ಇದೆ ಎಂದು ಬೇರೆ ಊರಿಗೆ ಹೋದ. ಚಿತ್ರ ಮುಗಿದು, ಬಿಡುಗಡೆಯಾಗಿ, ಚಿತ್ರಮಂದಿರಗಳಿಂದ ಎತ್ತಂಗಡಿಯೂ ಆಯಿತು. ಅವನು ಮಾತ್ರ ಹಿಂದಿರುಗಲಿಲ್ಲ. ಇನ್ನು ಅವನ ಸುದ್ದಿ ಈ ಕತೆಗೆ ಬೇಕಿಲ್ಲ.

ಆ ಫೋಟೋ ತೆಗೆದಾಗ ಅವಳಿಗೆ ಇಪ್ಪತ್ತಾರು. ನಾಯಕನ ತಾಯಿಯ ಫೋಟೋಕ್ಕೆಂದು ಗೊತ್ತು ಮಾಡಿದ್ದ ಹಿರಿಯ ನಟಿ ಆ ದಿನ ಬರಲಿಲ್ಲ. ಗೋಡೆ ಖಾಲಿಯಿದೆ, ಮಧ್ಯಾಹ್ನಕ್ಕೆ ಫೋಟೋ ಬೇಕು. ಏಜೆಂಟ್ ಪಟ್ಟಿಯ ಮೇಲೆ ಬೆರಳಾಡಿಸಿ ಇವಳನ್ನು ಎಬ್ಬಿಸಿದ. ಮೇಕಪ್ಪಿನವನು ಅವಳ ಕೂದಲಿಗೆ ಪೌಡರ್ ಉಜ್ಜಿದ, ಗಾಜಿಲ್ಲದ ಕನ್ನಡಕ ಏರಿಸಿದ, ಬಾಯಿಯ ಎರಡೂ ಬದಿಗೆ ಪೆನ್ಸಿಲ್ಲಿನಿಂದ ಗೆರೆ ಎಳೆದ. ಹತ್ತು ನಿಮಿಷದಲ್ಲಿ ಇಪ್ಪತ್ತಾರು ಐವತ್ತಾಯಿತು.

"ಸುಮ್ನೆ ನೋಡ್ಬೇಡಿ. ಮನೇಲಿರೋ ಯಾರನ್ನಾದ್ರೂ ನೆನೆಸ್ಕೊಳ್ಳಿ," ಎಂದ ಫೋಟೋ ತೆಗೆಯುವವನು.

ನೆನೆಸಿಕೊಳ್ಳುವುದೇನು ಬಂತು. ಬೆಳಗ್ಗೆ ಮಗಳಿಗೆ ಜ್ವರ ಕಾಯುತ್ತಿತ್ತು, ಪಕ್ಕದ ಮನೆಯಾಕೆಯ ಬಳಿ ಬಿಟ್ಟು ಬಂದಿದ್ದಳು. ಜ್ವರ ಇಳಿಯಿತೋ ಏರಿತೋ, ಮಗು ಗಂಜಿ ಕುಡಿಯಿತೋ ಇಲ್ಲವೋ ಎಂಬ ಯೋಚನೆಯಲ್ಲೇ ಕ್ಯಾಮೆರಾ ನೋಡಿದಳು. ಒಂದೇ ಸಲ ಗುಂಡಿ ಒತ್ತಿದರು. ತೊಳೆದು ತಂದ ಫೋಟೋ ನೋಡಲು ಇಡೀ ಸೆಟ್ಟು ಮುತ್ತಿಕೊಂಡಿತು. ಕೋಣೆಯ ಯಾವ ಮೂಲೆಯಲ್ಲಿ ನಿಂತರೂ ಆ ತಾಯಿ ನಿಮ್ಮನ್ನೇ ನೋಡಿ, ಊಟ ಆಯ್ತಾ ಎಂದು ಕೇಳುವಂತಿತ್ತು.

ಆ ಚಿತ್ರ ಗೆದ್ದಿತು. ಫೋಟೋ ಸ್ಟುಡಿಯೋದ ಸಾಮಾನು ಕೋಣೆ ಸೇರಿತು. ಅಲ್ಲಿನ ಉಸ್ತುವಾರಿಯವನು ಮಿತಭಾಷಿ, ಕುರ್ಚಿ ಮೇಜು ಸೂಟ್‌ಕೇಸುಗಳನ್ನು ಮನೆಮಂದಿಯಂತೆ ನೋಡಿಕೊಳ್ಳುವವನು. ಯಾವ ಚಿತ್ರದವರು 'ತಾಯಿ ಫೋಟೋ ಒಂದು' ಎಂದು ಚೀಟಿ ಕಳುಹಿಸಿದರೂ ಅವನು ಇದನ್ನೇ ಒರೆಸಿ ಕೊಡುತ್ತಿದ್ದ. ವಾಪಸು ಬಂದಾಗ ಚೌಕಟ್ಟಿನ ಹಿಂದೆ ಚಿತ್ರದ ಹೆಸರನ್ನು ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದ. ಜಾಗ ಮುಗಿದಾಗ ಮತ್ತೊಂದು ಕಾಗದ ಅಂಟಿಸಿ ಬರೆದ. ಇದಕ್ಕೆಲ್ಲ ಅವಳ ಅಪ್ಪಣೆ ಕೇಳಬೇಕೆಂದು ಅವನಿಗೂ ಹೊಳೆಯಲಿಲ್ಲ, ಅವಳಿಗೂ ಹೊಳೆಯಲಿಲ್ಲ.

ಫೋಟೋ ಮೇಲೇರಿದಷ್ಟೂ ಅವಳು ಕೆಳಗಿಳಿದಳು. ಮುಖ ಕಾಣುವ ಪಾತ್ರಕ್ಕೆಂದು ಹೋದಾಗಲೆಲ್ಲ ನಿರ್ದೇಶಕರು ಕಣ್ಣು ಕಿರಿದು ಮಾಡಿ, "ಎಲ್ಲೋ ನೋಡಿದ ಹಾಗಿದೆಯಲ್ಲ" ಎನ್ನುತ್ತಿದ್ದರು. ನೆನಪಾದ ಮೇಲೆ ನಗು. "ಅಯ್ಯೋ, ಜನ ನಿಮ್ಮನ್ನ ಸತ್ತೋದವರು ಅಂತ ಅಂದ್ಕೊಂಡಿದ್ದಾರೆ. ನೀವು ಬಂದು ತರಕಾರಿ ಮಾರಿದ್ರೆ ಥಿಯೇಟರಲ್ಲಿ ಗಲಾಟೆ ಆಗುತ್ತೆ." ಹೀಗೆ ಅವಳು ಗುಂಪಿನಲ್ಲೇ ಉಳಿದಳು, ಅದೂ ಆದಷ್ಟು ಹಿಂದಿನ ಸಾಲಿನಲ್ಲಿ. ಅವಳ ಹೊಟ್ಟೆಯ ಮೇಲೆ ಹೊಡೆದದ್ದು ಅವಳದೇ ಮುಖ. ಬೈಯೋಣವೆಂದರೆ ಯಾರನ್ನು ಬೈಯುವುದು?

ಇದೆಲ್ಲವನ್ನೂ ಅವಳು ಸಹಿಸಿಕೊಂಡಳು. ಸಹಿಸಲಾಗದೆ ಉಳಿದದ್ದು ಒಂದೇ.

ಮಗಳಿಗೆ ಏಳು ವರ್ಷವಾದಾಗ ಅವಳನ್ನು ಮೊದಲ ಬಾರಿಗೆ ಸಿನಿಮಾಕ್ಕೆ ಕರೆದುಕೊಂಡು ಹೋದಳು. ನಿಮ್ಮಮ್ಮ ಸಿನಿಮಾದಲ್ಲಿ ಇದ್ದಾಳೆ ಎಂದು ತೋರಿಸುವ ಆಸೆ, ಬೇರೇನಿಲ್ಲ. ಮಧ್ಯದಲ್ಲಿ ಬಾಯಾರಿಕೆ ಎಂದು ಮಗಳು ಪೀಡಿಸಿದಾಗ ಇವಳು ನೀರು ತರಲು ಹೊರಗೆ ಹೋದಳು. ಅದೇ ಹೊತ್ತಿಗೆ ಪರದೆಯ ಮೇಲೆ ಅಮ್ಮನ ಫೋಟೋ ಬಂತು. ಅದರ ಮುಂದೆ ದೊಡ್ಡ ಗಂಡಸೊಬ್ಬ ಗೋಡೆಗೆ ತಲೆ ಚಚ್ಚಿಕೊಂಡು, "ನನ್ನನ್ನ ಬಿಟ್ಟು ಹೋದೆಯಲ್ಲಮ್ಮಾ" ಎಂದು ಅಳುತ್ತಿದ್ದ. ಮಗು ಪಕ್ಕಕ್ಕೆ ತಿರುಗಿ ನೋಡಿತು. ಸೀಟು ಖಾಲಿ.

ನೀರಿನ ಲೋಟ ಹಿಡಿದು ಒಳಗೆ ಬಂದವಳಿಗೆ ಕೇಳಿಸಿದ್ದು ಚಿತ್ರದ ಅಳುವಲ್ಲ, ತನ್ನ ಮಗಳದು. ಮನೆಗೆ ಎತ್ತಿಕೊಂಡು ಬಂದಳು. ಆ ರಾತ್ರಿಯೆಲ್ಲ ಮಗಳು ಅವಳ ಬಟ್ಟೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡೇ ಮಲಗಿದಳು. ಬೆಳಗ್ಗೆ ಎದ್ದು ಕೇಳಿದಳು:

"ಅಮ್ಮ, ನೀನು ಯಾವಾಗ್ ಸತ್ತೆ?"

"ಸತ್ತಿಲ್ಲ ಕಣೇ. ಅದು ಬರೀ ಫೋಟೋ."

"ಮತ್ತೆ ಅಲ್ಲಿ ನೀನು ಯಾಕೆ ಮಾತಾಡ್ಲಿಲ್ಲ?"

ಅವಳು ಮಗಳ ಕೆದರಿದ ಕೂದಲು ಸರಿಮಾಡಿದಳು. "ಒಂದಿನ ಮಾತಾಡ್ತೀನಿ. ಆಗ ಇಬ್ರೂ ಹೋಗಿ ನೋಡೋಣ," ಎಂದಳು.

"ಅಲ್ಲೀವರೆಗೂ ನಾನು ಸಿನಿಮಾಗೆ ಬರಲ್ಲ."

ಮಕ್ಕಳ ಹಟ ಎರಡು ದಿನದ್ದು ಎನ್ನುತ್ತಾರೆ. ಈ ಹಟ ಇಪ್ಪತ್ತನಾಲ್ಕು ವರ್ಷ ನಡೆಯಿತು. ಮಗಳು ಓದಿದಳು, ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವ ಕೆಲಸಕ್ಕೆ ಸೇರಿದಳು, ದಿನವಿಡೀ ಊರವರ ಕಣ್ಣಿಗೆ ಬೆಳಕು ಬಿಟ್ಟು ಅಕ್ಷರ ಓದಿಸಿದಳು. ಗೆಳತಿಯರು ಕರೆದರೂ ಸಿನಿಮಾಕ್ಕೆ ಮಾತ್ರ ಹೋಗಲಿಲ್ಲ. ಆ ವಿಷಯದಲ್ಲಿ ತಾಯಿ ಮಗಳ ನಡುವೆ ಜಗಳವೂ ಇರಲಿಲ್ಲ, ಮಾತೂ ಇರಲಿಲ್ಲ. ತಾಯಿಗೆ ಮಾತ್ರ ಒಂದು ಬಾಕಿ ಉಳಿದಂತೆ ಸದಾ ಚುಚ್ಚುತ್ತಿತ್ತು.

ಐವತ್ತಮೂರು ತುಂಬಿದ ವರ್ಷ ಅವಳಿಗೆ ಆ ಪಾತ್ರ ಸಿಕ್ಕಿತು. ಹೊಸ ನಿರ್ದೇಶಕ, ಬೇರೆ ಊರಿನವನು, ಹಳೆಯ ಚಿತ್ರಗಳನ್ನು ಹೆಚ್ಚು ನೋಡಿದವನಲ್ಲ. ಮಧ್ಯಾಹ್ನ ಊಟದ ಸಾಲಿನಲ್ಲಿ ಅಡ್ಡ ನುಗ್ಗಿದ ದಾಂಡಿಗನೊಬ್ಬನನ್ನು ಅವಳು ದನಿ ಏರಿಸದೆಯೇ ಬೈದು ಹಿಂದೆ ಕಳುಹಿಸಿದ್ದನ್ನು ಅವನು ನೋಡಿದ. ಅವಳನ್ನೇ ಕರೆಸಿ ಪಕ್ಕದ ಮನೆಯ ಹೆಂಗಸಿನ ಪಾತ್ರ ಕೊಟ್ಟ. ನಾಯಕ ದುಃಖದಲ್ಲಿ ಮನೆಬಾಗಿಲು ತೆರೆದಿಟ್ಟು ಎಲ್ಲೋ ಹೋಗಿರುತ್ತಾನೆ. ಅವನು ಮರಳಿದಾಗ ಇವಳು ಬಂದು, ಬಾಗಿಲಲ್ಲೇ ಬಿಟ್ಟುಹೋಗಿದ್ದ ಬೀಗದ ಕೈ ಕೊಟ್ಟು ಮಾತಾಡಬೇಕು. ಎರಡು ದೃಶ್ಯ, ನಾಲ್ಕು ಮಾತು.

ನಾಲ್ಕು ಮಾತನ್ನು ಅವಳು ನಲವತ್ತು ಬಗೆಯಲ್ಲಿ ಹೇಳಿ ನೋಡಿದಳು. ಪಾತ್ರೆ ತೊಳೆಯುವಾಗ ಹೇಳಿದಳು, ಬಸ್ಸಿಗೆ ಕಾಯುವಾಗ ಹೇಳಿದಳು. ಒಮ್ಮೆ "ನಿನ್ನ ಮನೆ ಬಾಗಿಲು ಮೂರು ದಿನದಿಂದ ತೆಗ್ದೇ ಇತ್ತಪ್ಪ" ಎಂದದ್ದನ್ನು ಕೇಳಿಸಿಕೊಂಡ ಬಸ್ ಕಂಡಕ್ಟರ್ ಗಾಬರಿಯಿಂದ ತಿರುಗಿ ನೋಡಿದ. ಆದರೆ ಸ್ಟುಡಿಯೋದಲ್ಲಿ ಒಬ್ಬರಿಗೂ ಹೇಳಲಿಲ್ಲ, ಸಾಮಾನು ಕೋಣೆಯವನಿಗೂ ಹೇಳಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರದೆ ಹೋಗುವುದನ್ನು ಅವಳು ಸಾಕಷ್ಟು ಕಂಡಿದ್ದಳು. ತಿಳಿಸಿದ್ದು ಮಗಳಿಗೆ ಮಾತ್ರ.

"ನಿಜವಾಗ್ಲೂ ಮಾತಾಡ್ತೀಯಾ?" ಎಂದಳು ಮಗಳು.

"ಹೂಂ. ನಾಲ್ಕು ಮಾತು."

"ಹಾಗಾದ್ರೆ ಬರ್ತೀನಿ," ಎಂದು ಮಗಳು ಚಪ್ಪಲಿ ಹಾಕಿಕೊಂಡು ಕೆಲಸಕ್ಕೆ ಹೋದಳು. ಬೀದಿಯ ತಿರುವಿನವರೆಗೂ ಹೋದವಳು ಹಿಂದಿರುಗಿ ಬಂದು ಅಮ್ಮನ ಭುಜ ಒಮ್ಮೆ ಒತ್ತಿ ಮತ್ತೆ ಹೋದಳು.

ಚಿತ್ರೀಕರಣ ಚೆನ್ನಾಗಿಯೇ ಆಯಿತು. ಸೆಟ್ಟಿನ ಮನೆಗಳ ಗೋಡೆಗಳು ಹಲಗೆಯವು, ಚಕ್ರದ ಮೇಲೆ ನಿಂತಿರುತ್ತವೆ. ಕ್ಯಾಮೆರಾ ಇಡಲು ಜಾಗ ಬೇಕಾದಾಗ ಒಂದು ಗೋಡೆಯನ್ನು ಉರುಳಿಸಿ ಹೊರಗಿಡುತ್ತಾರೆ. ಇವಳ ಮುಖ ತೆಗೆದ ದಿನ ಎದುರುಗೋಡೆ ಹೊರಗಿತ್ತು. ನಾಯಕನಿಗೆ ಬೇರೆ ಕೆಲಸವಿದ್ದುದರಿಂದ ಅವನ ಮುಖವನ್ನು ಇನ್ನೊಂದು ದಿನ ತೆಗೆದರು. ಆಗ ಇವಳು ಅಲ್ಲಿರಲಿಲ್ಲ, ಗೋಡೆ ಮಾತ್ರ ವಾಪಸು ಬಂದಿತ್ತು. ಸಹಾಯಕನೊಬ್ಬ ಕಾಗದ ನೋಡಿಕೊಂಡು ಇವಳ ಮಾತು ಓದಿದ, ನಾಯಕ ಗಾಳಿಗೆ ತಲೆಯಾಡಿಸಿದ. ಸಿನಿಮಾದಲ್ಲಿ ಇಬ್ಬರು ಎದುರುಬದುರು ಮಾತಾಡುವುದು ಎಂದರೆ ಹೆಚ್ಚಾಗಿ ಇಷ್ಟೇ.

ಎಡಿಟರ್ ಎರಡನ್ನೂ ಜೋಡಿಸಿ ನೋಡಿದಾಗ ಚಹಾ ಅವನ ಗಂಟಲಿಗೆ ಸಿಕ್ಕಿಕೊಂಡಿತು. ಪಕ್ಕದ ಮನೆಯ ಹೆಂಗಸು ಮಾತಾಡುತ್ತಾಳೆ. ನಾಯಕ ಕೇಳಿಸಿಕೊಳ್ಳುತ್ತಾನೆ. ಅವನ ತಲೆಯ ಮೇಲೆ, ಕಪ್ಪು ಚೌಕಟ್ಟಿನಲ್ಲಿ, ಅದೇ ಹೆಂಗಸು ತಾಯಿಯಾಗಿ ಸತ್ತು ತೂಗಾಡುತ್ತಿದ್ದಾಳೆ.

ಎಂದಿನಂತೆ 'ತಾಯಿ ಫೋಟೋ ಒಂದು' ಎಂದು ಚೀಟಿ ಬಂದಿತ್ತು, ಎಂದಿನಂತೆ ಸಾಮಾನು ಕೋಣೆಯವನು ಒರೆಸಿ ಕೊಟ್ಟಿದ್ದ. ಸೆಟ್ಟಿನಲ್ಲಿ ನೂರು ಜನರಿದ್ದರು. ಇಪ್ಪತ್ತೇಳು ವರ್ಷದಿಂದ ಕಂಡ ಫೋಟೋ ಯಾರ ಕಣ್ಣಿಗೂ ಬೀಳಲಿಲ್ಲ. ಮನೆಯ ಗಡಿಯಾರವನ್ನು ನಾವು ಹಾಗೆಯೇ ಅಲ್ಲವೇ ನೋಡುವುದು? ಗಂಟೆ ಗೊತ್ತಾಗುತ್ತದೆ, ಗಡಿಯಾರ ಕಾಣುವುದಿಲ್ಲ.

ಫೋಟೋ ಇದ್ದ ದೃಶ್ಯಗಳು ಒಂಬತ್ತು, ಎಲ್ಲದರಲ್ಲೂ ನಾಯಕನಿದ್ದ, ಅವನು ಆಗಲೇ ಮುಂದಿನ ಚಿತ್ರಕ್ಕೆಂದು ಗಡ್ಡ ಬೆಳೆಸಿದ್ದ, ಅವನ್ನು ಮತ್ತೆ ತೆಗೆಯುವಂತಿರಲಿಲ್ಲ. ಗೋಡೆಯಮ್ಮನ ದೃಶ್ಯಗಳು ಎರಡು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ, ಫೋಟೋದ ತಪ್ಪಿಗೆ ಹೆಂಗಸನ್ನು ಕತ್ತರಿಸುವುದೆಂದು ತೀರ್ಮಾನವಾಯಿತು. ಸುದ್ದಿ ಮುಟ್ಟಿಸುವ ಕೆಲಸ ಏಜೆಂಟಿನ ಪಾಲಿಗೆ ಬಂತು. ಅವನು ಫೋನಿನಲ್ಲಿ ಹವಾಮಾನ, ಮೊಣಕಾಲು ನೋವು ಎಲ್ಲ ಮಾತಾಡಿ ಕೊನೆಗೆ ಹೇಳಿದ.

ಫೋನಿಟ್ಟು ಅವಳು ಸ್ವಲ್ಪ ಹೊತ್ತು ಅಡುಗೆಮನೆಯ ಸ್ಟೂಲಿನ ಮೇಲೆ ಕೂತಳು. ಪಾತ್ರ ಹೋಯಿತೆಂದು ಅಷ್ಟು ದುಃಖವಾಗಲಿಲ್ಲ. ಹಾಗಾದರೆ ಬರುತ್ತೇನೆ ಎಂದವಳಿಗೆ ಈಗ ಏನು ಹೇಳುವುದು? ಏಳು ವರ್ಷದ ಹುಡುಗಿಗೆ ಕೊಟ್ಟ ಮಾತನ್ನು ಮೂವತ್ತೊಂದು ವರ್ಷದ ಹೆಂಗಸಿನ ಮುಂದೆ ಮುರಿಯುವುದು ಹೇಗೆ? ಆಮೇಲೆ ಎದ್ದು ಮುಖ ತೊಳೆದು ಸ್ಟುಡಿಯೋಕ್ಕೆ ನಡೆದಳು.

ನಿರ್ದೇಶಕ ಎಡಿಟರ್ ಜೊತೆ ಕತ್ತಲ ಕೋಣೆಯಲ್ಲಿದ್ದ. ಇವಳನ್ನು ಕಂಡು ಎದ್ದು ನಿಂತ. ಒಳ್ಳೆಯವನೇ, ಆದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡುವವನು. "ನೋಡೋಣಮ್ಮ... ಮುಂದಿನ ಚಿತ್ರದಲ್ಲಿ ಖಂಡಿತ... ಪರಿಸ್ಥಿತಿ ಹೀಗಿದೆ..." ಎಂದು ಶುರುಮಾಡಿದ.

"ಮುಂದಿನ ಚಿತ್ರ ಬೇಡ ಸಾರ್. ಒಂದು ಕೇಳ್ತೀನಿ. ಅಕ್ಕ ತಂಗಿ ನೋಡೋಕೆ ಒಂದೇ ಥರ ಇರಲ್ವಾ?"

ನಿರ್ದೇಶಕನಿಗೆ ಅರ್ಥವಾಗಲಿಲ್ಲ.

"ಪಕ್ಕದ ಮನೆಯವಳು ಅಂತ ಯಾಕಿರಬೇಕು? ಸತ್ತೋದ ತಾಯಿಯ ತಂಗಿ ಅನ್ನಿ. ಹುಡುಗನಿಗೆ ಚಿಕ್ಕಮ್ಮ. ಪಕ್ಕದ ಮನೆಯವಳಿಗೆ ಬೀಗದ ಕೈ ಕಾಯೋ ಕೆಲಸ ಏನಿದೆ? ಚಿಕ್ಕಮ್ಮ ಆದ್ರೆ ಕಾಯ್ತಾಳೆ."

ಎಡಿಟರ್ ಕುರ್ಚಿ ತಿರುಗಿಸಿದ. ನಾಯಕ ಅವಳನ್ನು 'ಆಂಟಿ' ಎಂದು ಕರೆಯುವ ಕಡೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು, ಡಬ್ಬಿಂಗಿನಲ್ಲಿ 'ಚಿಕ್ಕಮ್ಮ' ಎನ್ನಿಸಬಹುದು. "ಆದ್ರೆ ಇವರು ತಂಗಿ ಅಂತ ಜನಕ್ಕೆ ಗೊತ್ತಾಗೋಕೆ ಒಂದು ಶಾಟ್ ಬೇಕು. ಇವರೂ ಫೋಟೋನೂ ಒಟ್ಟಿಗೆ ಇರೋದು," ಎಂದ. ಸೆಟ್ಟು ಕಳಚಿ ಹತ್ತು ದಿನವಾಗಿತ್ತು.

ಸಾಮಾನು ಕೋಣೆಯವನು ಎಲ್ಲಿಂದಲೋ ಕೇಳಿಸಿಕೊಂಡಿದ್ದ. ಮರುದಿನ ಬೆಳಗ್ಗೆ ಆ ಗೋಡೆಯನ್ನು ಅವನೇ ಹುಡುಕಿ, ಬಣ್ಣ ಹೋದಲ್ಲಿ ಬಳಿದು, ತಳ್ಳಿಕೊಂಡು ಬಂದು ನಿಲ್ಲಿಸಿದ. ಫೋಟೋ ನೇತುಹಾಕಿ ನೇರ ಮಾಡಿದ. ಅವಳ ಮುಖ ನೋಡದೆ, "ನೀವು ಇದ್ದೀರ ಅಂತ ಗೊತ್ತಿದ್ರೆ ಬೇರೆ ಫೋಟೋ ಕೊಡ್ತಿದ್ದೆ," ಎಂದ. "ಬೇರೆ ಇದೆಯಾ?" ಎಂದಳು. ಅವನು ಯೋಚಿಸಿ ಇಲ್ಲ ಎಂದ. ಅವಳಿಗೆ ನಗು ಬಂತು.

ದೊಡ್ಡ ಖಾಲಿ ಅಂಗಳದಲ್ಲಿ ಒಂದೇ ಒಂದು ಗೋಡೆ, ಅದರ ಮುಂದೆ ಅವಳು. ಮಾತು ಬರೆಯುವವನು ಕೊಟ್ಟಿದ್ದು ಒಂದೇ ಸಾಲು: "ಅಕ್ಕ, ನಿನ್ನ ಮಗನನ್ನ ನಾನು ನೋಡ್ಕೋತೀನಿ." ಕ್ಯಾಮೆರಾ ಓಡಿತು. ಅವಳು ಸಾಲು ಹೇಳಿದಳು.

ಹೇಳಿ ಫೋಟೋವನ್ನೇ ನೋಡುತ್ತಾ ನಿಂತಳು. ಇಪ್ಪತ್ತೇಳು ವರ್ಷದಲ್ಲಿ ಅದನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಪೆನ್ಸಿಲ್ಲಿನಿಂದ ಎಳೆದಿದ್ದ ಗೆರೆಗಳು ಈಗ ಅವಳ ಬಾಯಿಯ ಬದಿಯಲ್ಲಿ ತಾವಾಗಿಯೇ ಬಂದಿದ್ದವು. ಕಣ್ಣು ಮಾತ್ರ ಇನ್ನೂ ಆ ಬೆಳಗಿನಲ್ಲೇ ಇತ್ತು, ಜ್ವರ ಇಳಿಯಿತೋ ಇಲ್ಲವೋ ಎಂದು ಕೇಳುತ್ತಿತ್ತು. ಪಾಪ, ಅದಕ್ಕೆ ಯಾರೂ ಹೇಳಿರಲಿಲ್ಲ.

"ಮಗು ಚೆನ್ನಾಗಿದೆ ಕಣೇ ಅಕ್ಕ," ಎಂದಳು ಮೆಲ್ಲಗೆ. "ಯೋಚ್ನೆ ಮಾಡ್ಬೇಡ. ಎಷ್ಟು ವರ್ಷದಿಂದ ಹೀಗೆ ನಿಂತೇ ಇದ್ದೀಯ, ಕಾಲು ನೋಯಲ್ವಾ? ಸಾಕು. ಇಳಿದು ಬಾ."

ನಿಲ್ಲಿಸಿ ಎಂದು ಯಾರೂ ಕೂಗಲಿಲ್ಲ. ರೀಲು ಮುಗಿಯುವವರೆಗೂ ಕ್ಯಾಮೆರಾ ಓಡಿತು. ಆಮೇಲೆ ಸಾಮಾನು ಕೋಣೆಯವನು ಯಾರನ್ನೂ ಕೇಳದೆ ಬಂದು ಫೋಟೋ ಇಳಿಸಿಕೊಂಡು ಹೋದ.

ಚಿತ್ರ ಬಿಡುಗಡೆಯಾದ ಮೂರನೆಯ ದಿನ, ಮಧ್ಯಾಹ್ನದ ಆಟಕ್ಕೆ ತಾಯಿ ಮಗಳು ಹೋದರು. ಗೋಡೆಯಮ್ಮ ಬೆಳಗ್ಗೆಯಿಂದ ಒಂದು ಗುಟುಕು ನೀರನ್ನೂ ಕುಡಿದಿರಲಿಲ್ಲ. ನಡುವೆ ಎದ್ದು ಹೋಗುವ ಪ್ರಮೇಯವೇ ಬರಬಾರದು. ಚೀಲದಲ್ಲಿ ಮಗಳಿಗೆಂದು ಒಂದು ಬಾಟಲಿ ನೀರಿತ್ತು. ಫೋಟೋ ಕೂಡ ಇದೆ ಎಂದು ಅವಳು ಮಗಳಿಗೆ ಹೇಳಿರಲಿಲ್ಲ. ಹೇಳಿದ್ದರೆ ಬರುತ್ತಿದ್ದಳೋ ಇಲ್ಲವೋ.

ಹತ್ತನೆಯ ನಿಮಿಷಕ್ಕೆ ಗೋಡೆ ಬಂತು, ಚೌಕಟ್ಟು ಬಂತು. ಮೂವತ್ತೊಂದು ವರ್ಷದ ಹೆಂಗಸು, ದಿನಕ್ಕೆ ಐವತ್ತು ಜನರಿಗೆ ಕಣ್ಣು ಬಿಡಿ ಎಂದು ಹೇಳುವವಳು, ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಳು. ಕತ್ತಲಲ್ಲಿ ಅವಳ ಕೈ ಪಕ್ಕದ ಸೀಟನ್ನು ತಡವಿತು. ಸೀಟು ಖಾಲಿ ಇರಲಿಲ್ಲ. ಕೈ ಅಲ್ಲೇ ಉಳಿಯಿತು. ಫೋಟೋ ಬಂದಾಗಲೆಲ್ಲ ಅವಳ ಕಣ್ಣು ಮುಚ್ಚುತ್ತಿತ್ತು, ಆ ಕೈ ಬಿಗಿಯಾಗುತ್ತಿತ್ತು, ದೃಶ್ಯ ಬದಲಾದಾಗ ಎರಡೂ ಸಡಿಲವಾಗುತ್ತಿದ್ದವು. ಹೀಗೆ ನಾಲ್ಕು ಸಲ.

ಆಮೇಲೆ ಪರದೆಯ ಮೇಲೆ ಬಾಗಿಲು ಬಡಿದ ಸದ್ದು. "ನಿನ್ನ ಮನೆ ಬಾಗಿಲು ಮೂರು ದಿನದಿಂದ ತೆಗ್ದೇ ಇತ್ತಪ್ಪ."

ಮಗಳು ಕಣ್ಣು ಬಿಟ್ಟಳು. ಬಿಟ್ಟ ಕಣ್ಣು ಮತ್ತೆ ಮುಚ್ಚಲಿಲ್ಲ. ಚಿಕ್ಕಮ್ಮ ಫೋಟೋದ ಮುಂದೆ ಬಂದು ನಿಂತಾಗಲೂ ಮುಚ್ಚಲಿಲ್ಲ. "ಕಾಲು ನೋಯಲ್ವಾ" ಎಂದಾಗ ಚಿತ್ರಮಂದಿರದಲ್ಲಿ ಒಂದಿಬ್ಬರು ನಕ್ಕರು, "ಇಳಿದು ಬಾ" ಎನ್ನುವಷ್ಟರಲ್ಲಿ ಅವರೂ ಸುಮ್ಮನಾದರು. ಪರದೆಯ ಬೆಳಕು ಮಗಳ ಒದ್ದೆ ಕೆನ್ನೆಯ ಮೇಲೆ ಏರಿ ಇಳಿಯಿತು.

ಇದನ್ನೆಲ್ಲ ಗೋಡೆಯಮ್ಮ ಚೆನ್ನಾಗಿಯೇ ಬಲ್ಲಳು, ಏಕೆಂದರೆ ಆ ಹೊತ್ತೆಲ್ಲ ಅವಳು ಮಗಳ ಮುಖವನ್ನೇ ನೋಡುತ್ತಿದ್ದಳು. ಪರದೆಯ ಕಡೆ ತಿರುಗಲು ನೆನಪಾಗುವಷ್ಟರಲ್ಲಿ ಅವಳ ದೃಶ್ಯ ಮುಗಿದಿತ್ತು. ಎರಡನೆಯ ಸಲ ಹೋಗಿ ನೋಡುವ ಮನಸ್ಸೂ ಅವಳಿಗೆ ಬರಲಿಲ್ಲ.

ಆ ಫೋಟೋ ಮುಂದೆ ಇನ್ನೂ ಮೂರು ಚಿತ್ರಗಳಲ್ಲಿ ತೂಗಾಡಿತು. ಅವಳಿಗೂ ಆಮೇಲೆ ಮಾತಿರುವ ಎರಡು ಪಾತ್ರಗಳು ಸಿಕ್ಕವು, ಹೆಚ್ಚೇನಿಲ್ಲ. ಯಾರಾದರೂ ಆ ಚಿತ್ರದ ಸುದ್ದಿ ಎತ್ತಿ, ಹೇಗಿತ್ತು ನಿಮ್ಮ ಪಾತ್ರ ಎಂದು ಕೇಳಿದರೆ ಹೇಳುತ್ತಿದ್ದಳು:

"ಚೆನ್ನಾಗಿತ್ತಂತೆ. ನನ್ನ ಮಗಳು ನೋಡಿದ್ದಾಳೆ."